ಕೈಗುಣ ಎಂದುಕೊಂಡದ್ದು: ಮಲೆನಾಡಿನ ಒಂದು ಸಮನ್ವಯ ಚಿಕಿತ್ಸೆಯ ಪ್ರಕರಣ

ಈ ಪ್ರಕರಣವನ್ನು ಬರೆಯಲು ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಊರು, ವಯಸ್ಸು, ಮನೆಮಂದಿಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಔಷಧಿಗಳನ್ನೂ ನಾವು ತೆಗೆದುಕೊಂಡ ತೀರ್ಮಾನಗಳನ್ನೂ ನಡೆದ ಹಾಗೆಯೇ ಬರೆದಿದ್ದೇನೆ. ರೋಗಿಯನ್ನು ಇಲ್ಲಿ ಅಕ್ಕ ಎನ್ನುತ್ತೇನೆ. ಚಿಕಿತ್ಸಾಲಯದಲ್ಲಿಯೂ ನಾನು ಅವರನ್ನು ಕರೆಯುವುದು ಹಾಗೆಯೇ.

ನಾನು ಆಯುರ್ವೇದ ವೈದ್ಯೆ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಹದಿನಾಲ್ಕು ವರ್ಷಗಳಿಂದ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ನನ್ನ ಬಳಿಗೆ ಬರುವವರಲ್ಲಿ ಬರಿಯ ಆಯುರ್ವೇದವನ್ನೇ ನೆಚ್ಚಿಕೊಂಡವರು ಬಹಳ ಕಡಿಮೆ. ಸಕ್ಕರೆ ಕಾಯಿಲೆಗೆ ಒಂದು ಕಡೆ ಮಾತ್ರೆ, ಮಂಡಿ ನೋವಿಗೆ ಇನ್ನೊಂದು ಕಡೆ ಎಣ್ಣೆ, ನಡುವೆ ಯಾರೋ ಹೇಳಿದ ಬೇರು, ಹೀಗೆ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳುವವರೇ ಹೆಚ್ಚು. ಸಮನ್ವಯ ಚಿಕಿತ್ಸೆ ಬೇಕೇ ಬೇಡವೇ ಎಂದು ವೈದ್ಯರು ಸಭೆಗಳಲ್ಲಿ ಚರ್ಚಿಸುತ್ತಿರುತ್ತಾರೆ. ರೋಗಿಗಳು ತಮ್ಮ ಪಾಡಿಗೆ ತಾವು ಅದನ್ನು ಎಂದೋ ಶುರು ಮಾಡಿಕೊಂಡಿದ್ದಾರೆ, ಯಾರಿಗೂ ಹೇಳದೆ.

ಹಿನ್ನೆಲೆ

ಅಕ್ಕನಿಗೆ ಐವತ್ತರ ಆಸುಪಾಸು. ಎರಡೂವರೆ ಎಕರೆ ಕಾಫಿ ತೋಟ, ಒಂದಿಷ್ಟು ಮೆಣಸು. ಕಾಫಿ ಕೀಳುವುದರಿಂದ ಹಿಡಿದು ಚಿಗುರು ತೆಗೆಯುವವರೆಗೆ ತೋಟದ ಕೆಲಸವೆಲ್ಲ ಅವರ ಕೈಯಲ್ಲೇ ನಡೆಯಬೇಕು. ಮೂರು ವರ್ಷಗಳ ಹಿಂದೆ ಆ ಕೈಗಳೇ ಹಟ ಹಿಡಿದವು. ಬೆಳಿಗ್ಗೆ ಎದ್ದರೆ ಎರಡೂ ಕೈಗಳ ಬೆರಳುಗಳು ಒಂದು ಗಂಟೆಯಾದರೂ ಮಡಚುತ್ತಿರಲಿಲ್ಲ. ದೂರದ ನಗರವೊಂದರ ತಜ್ಞರು ರಕ್ತ ಪರೀಕ್ಷೆ ಮಾಡಿಸಿ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ, ಎಂದು ಹೇಳಿದರು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 15 ಮಿಲಿಗ್ರಾಂ, ಬೇರೊಂದು ದಿನ ಫೋಲಿಕ್ ಆಮ್ಲ, ದಿನಕ್ಕೊಂದು ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದುಕೊಟ್ಟರು. ಆ ರೋಗಕ್ಕೆ ಒಪ್ಪುವ, ಸರಿಯಾದ ಚಿಕಿತ್ಸೆ ಅದು. ಕೀಲುಗಳು ಸೊಟ್ಟಗಾಗುವುದನ್ನು ತಡೆಯುವಲ್ಲಿ ಮೆಥೊಟ್ರೆಕ್ಸೇಟಿಗೆ ಇರುವಷ್ಟು ಆಧಾರ ನನ್ನ ಕಪಾಟಿನ ಯಾವ ಔಷಧಿಗೂ ಇಲ್ಲ. ಇದನ್ನು ಆಯುರ್ವೇದದವಳಾಗಿಯೇ ಹೇಳುತ್ತಿದ್ದೇನೆ.

ಅಕ್ಕನಿಗೆ ಆ ಮಾತ್ರೆ ಆಗಿಬರಲಿಲ್ಲ. ಭಾನುವಾರ ನುಂಗಿದರೆ ಸೋಮವಾರವಿಡೀ ಓಕರಿಕೆ, ಸುಸ್ತು, ಅನ್ನದ ವಾಸನೆಯೇ ಬೇಡ. ಇದನ್ನು ತಜ್ಞರ ಮುಂದೆ ಹೇಳಲು ಅವರಿಗೆ ಧೈರ್ಯವಾಗಲಿಲ್ಲ. ಹಿಂದೊಮ್ಮೆ ಮನೆಯಲ್ಲಿ ಕಷಾಯ ಕುಡಿಯುತ್ತಿರುವುದಾಗಿ ಹೇಳಿದ್ದಕ್ಕೆ, “ಅದನ್ನು ಕುಡಿಯುವುದಾದರೆ ಇಲ್ಲಿಗೆ ಬರಬೇಡಿ” ಎಂದು ಗದರಿಸಿಕೊಂಡಿದ್ದರು. ಅದಕ್ಕೂ ಮೊದಲು ನನ್ನದೇ ವೃತ್ತಿಯ ಒಬ್ಬರು, “ಇಂಗ್ಲಿಷ್ ಔಷಧಿ ಬಿಟ್ಟರೆ ಮಾತ್ರ ನನ್ನ ಔಷಧಿ ಕೊಡುತ್ತೇನೆ” ಎಂದಿದ್ದರಂತೆ. ಎರಡು ಬಾಗಿಲುಗಳಲ್ಲಿ ಬೈಸಿಕೊಂಡ ಮೇಲೆ, ಬಾಯಿ ಮುಚ್ಚಿಕೊಂಡಿದ್ದರೇ ಕ್ಷೇಮ ಎಂಬುದನ್ನು ಅವರು ಕಲಿತಿದ್ದರು.

ನನ್ನ ಬಳಿಗೆ ಬಂದದ್ದು ಜೂನ್ ತಿಂಗಳಲ್ಲಿ, ಮಳೆ ಹಿಡಿದ ಎರಡನೆಯ ವಾರ. “ಹೇಗಾದರೂ ಮಾಡಿ ಆ ಭಾನುವಾರದ ಮಾತ್ರೆ ಬಿಡಿಸಿಕೊಡಿ ಡಾಕ್ಟರಮ್ಮ” ಎಂದರು. ಬಿಡಬೇಡಿ, ಅದರ ಜೊತೆಗೇ ನಾನು ಔಷಧಿ ಕೊಡುತ್ತೇನೆ ಎಂದೆ. ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. ಇಲ್ಲ ಎಂದರು. ಪ್ರಶ್ನೆಯನ್ನು ಚೀಟಿ ಬರೆಯುತ್ತಾ, ತಲೆ ಎತ್ತದೆ ಕೇಳಿದ್ದೆ ಎಂಬುದು ಈಗಲೂ ನೆನಪಿದೆ.

ಈ ಬಗೆಯ ಕೀಲುನೋವನ್ನು ಆಯುರ್ವೇದದಲ್ಲಿ ಆಮವಾತ ಎನ್ನುತ್ತೇವೆ. ಅದಕ್ಕೆ ನಮ್ಮಲ್ಲಿ ರೂಢಿಯಲ್ಲಿರುವ ಕ್ರಮವನ್ನೇ ಹಿಡಿದೆ. ರಾಸ್ನಾಸಪ್ತಕ ಕಷಾಯ, ಸಿಂಹನಾದ ಗುಗ್ಗುಲು, ಎಣ್ಣೆ ಹಚ್ಚದೆ ಒಣ ಮರಳಿನ ಶಾಖ, ಹಗುರವಾದ ಆಹಾರ. ಯಕೃತ್ತಿನ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದು ಕೇಳಲಿಲ್ಲ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ಅದನ್ನು ಆಗಾಗ ಮಾಡಿಸಬೇಕೆಂಬುದು ನನಗೆ ಗೊತ್ತಿತ್ತು. ಅದು ಬರೆದುಕೊಟ್ಟವರ ಕೆಲಸ ಎಂದುಕೊಂಡೆ.

ಮೂರು ವಾರಗಳ ಹೆಮ್ಮೆ

ಜುಲೈಯಲ್ಲಿ ಅಕ್ಕ ಬಂದಾಗ ಬಾಗಿಲಲ್ಲೇ ಎರಡೂ ಮುಷ್ಟಿಗಳನ್ನು ಬಿಗಿ ಹಿಡಿದು ತೋರಿಸಿದರು. ಊತ ಇಳಿದಿತ್ತು. ಬೆಳಗಿನ ಬಿಗಿತ ಹತ್ತು ನಿಮಿಷಕ್ಕೆ ಬಂದಿತ್ತು. “ನಿಮ್ಮ ಕೈಗುಣ” ಎಂದರು. ನಂಬಿದೆ. ಇಷ್ಟು ಹಳೆಯ ಆಮವಾತ ಮೂರೇ ವಾರಗಳಲ್ಲಿ ಇಷ್ಟು ಇಳಿಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಂಡಿರದ ಫಲ ಬಂದಾಗ ಏಕೆ ಎಂದು ಕೇಳಬೇಕಿತ್ತು. ಗುಣವಾಗದಿದ್ದರೆ ನೂರು ಪ್ರಶ್ನೆ ಕೇಳುವ ನಾವು, ಗುಣವಾದರೆ ಒಂದನ್ನೂ ಕೇಳುವುದಿಲ್ಲ. ಆ ತಿಂಗಳು ಬೇರೆ ಇಬ್ಬರು ರೋಗಿಗಳಿಗೆ ಅಕ್ಕನ ಉದಾಹರಣೆ ಕೊಟ್ಟು ಧೈರ್ಯ ಹೇಳಿದೆ. ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ನೋಯುವುದು ಅದೇ.

ಆಗಸ್ಟಿನಲ್ಲಿ ಕೆನ್ನೆ ತುಂಬಿಕೊಂಡಿತ್ತು. “ಆರೋಗ್ಯ ಬಂದಿದೆ ಎಂದು ಊರವರೆಲ್ಲ ಹೇಳುತ್ತಿದ್ದಾರೆ” ಎಂದು ಅಕ್ಕ ನಕ್ಕರು. ನಾನೂ ನಕ್ಕೆ.

ಸೆಪ್ಟೆಂಬರಿನ ಭೇಟಿಯಲ್ಲಿ ರಕ್ತದೊತ್ತಡ ನೋಡಿದೆ. 154/96 ಇತ್ತು, ಮೊದಲು ಎಂದೂ ಇರಲಿಲ್ಲ. ತೋಳಿನ ಪಟ್ಟಿ ಬಿಚ್ಚಿದಾಗ ಅದರ ಅಂಚು ಒತ್ತಿದ್ದ ಕಡೆಯೆಲ್ಲ ನೇರಳೆ ಬಣ್ಣದ ಸಣ್ಣ ಚುಕ್ಕೆಗಳು ಎದ್ದಿದ್ದವು. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಮುಖವನ್ನು ಮತ್ತೆ ನೋಡಿದೆ. ದುಂಡಗಿನ ಮುಖ, ಕುತ್ತಿಗೆಯ ಹಿಂದೆ ಸಣ್ಣ ದಿಬ್ಬ, ತೆಳ್ಳಗಾದ ಕಾಲುಗಳು. ಇದು ಆರೋಗ್ಯವಲ್ಲ. ಸ್ಟೀರಾಯ್ಡ್ ತಿಂದವರ ಮೈ ಇದು ಎಂದು ಓದುವ ದಿನಗಳಲ್ಲೇ ನಮಗೆ ತೋರಿಸಿದ್ದರು.

ಈ ಸಲ ಪೆನ್ನು ಕೆಳಗಿಟ್ಟೆ. “ಅಕ್ಕ, ನಾನು ಬೈಯುವುದಿಲ್ಲ. ಸಂಜೆ ಬನ್ನಿ. ಮನೆಯಲ್ಲಿ ನೀವು ಬಾಯಿಗೆ ಹಾಕಿಕೊಳ್ಳುವ ಔಷಧಿ ಏನೇನಿದೆಯೋ ಎಲ್ಲವನ್ನೂ ಒಂದು ಚೀಲದಲ್ಲಿ ತನ್ನಿ” ಎಂದೆ.

ಚೀಲ

ಬಟ್ಟೆ ಅಂಗಡಿಯ ಕೈಚೀಲ. ಅದರಿಂದ ಒಂದೊಂದೇ ಮೇಜಿನ ಮೇಲೆ ಬಂದವು. ನನ್ನ ಕಷಾಯದ ಬಾಟಲಿ, ಗುಗ್ಗುಲು. ಮೆಥೊಟ್ರೆಕ್ಸೇಟಿನ ಮೂರು ಪಟ್ಟಿಗಳು, ಎಣಿಸಿದರೆ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಉಳಿದಿದ್ದವು. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಂಡ ನೋವಿನ ಮಾತ್ರೆ. ಕೊನೆಗೆ ಒಂದು ಗಾಜಿನ ಬಾಟಲಿ, ಅದರೊಳಗೆ ಹಳೆಯ ಪತ್ರಿಕೆಯ ತುಂಡುಗಳಲ್ಲಿ ಮಡಚಿದ ಚಿಕ್ಕ ಚಿಕ್ಕ ಪೊಟ್ಟಣಗಳು. ಬಿಡಿಸಿದರೆ ಮಾಸಲು ಹಳದಿ ಬಣ್ಣದ ಪುಡಿ. ಮೂಸಿದರೆ ಶುಂಠಿಯ ವಾಸನೆ. ದಿನಕ್ಕೊಂದು, ಬೆಳಿಗ್ಗೆ ಜೇನುತುಪ್ಪದಲ್ಲಿ. ನನ್ನ ಬಳಿ ಬಂದ ವಾರವೇ ಮೈದುನ ಸಂತೆಯಿಂದ ತಂದುಕೊಟ್ಟಿದ್ದಂತೆ.

ಆಯುರ್ವೇದ ಔಷಧಿಗೂ ಕಾನೂನು ಇದೆ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ, 1945ರ ನಿಯಮಗಳ ಪ್ರಕಾರ ಮಾರಾಟದ ಪೊಟ್ಟಣದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನಾಂಕ, ಒಳಗೆ ಏನೇನಿದೆ ಎಂಬ ಪಟ್ಟಿ ಇರಬೇಕು. ಈ ಪೊಟ್ಟಣದ ಮೇಲಿದ್ದದ್ದು ಹಳೆಯ ಅಡಿಕೆ ಧಾರಣೆ ಮಾತ್ರ. ಎರಡೇ ದಿನಗಳಲ್ಲಿ ನೋವು ಮಾಯವಾಗಿಸುವ ಇಂಥ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಬೆರೆಸಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಅದನ್ನು ನಾಟಿ ಔಷಧಿ ಎಂದು ಜನ ತಿನ್ನುತ್ತಾರೆ. ಕೆಟ್ಟ ಹೆಸರು ಬೇರು ಅರೆದು ಪ್ರಾಮಾಣಿಕವಾಗಿ ಕೊಡುವ ನಾಟಿ ವೈದ್ಯರಿಗೂ ನಮಗೂ ಬರುತ್ತದೆ.

ನನ್ನ ಕೈ ಆ ಬಾಟಲಿಯನ್ನು ಕಸದ ಬುಟ್ಟಿಯ ಮೇಲೆ ಹಿಡಿದಾಗಿತ್ತು. ಈ ಕ್ಷಣದಿಂದಲೇ ನಿಲ್ಲಿಸಿ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಒಳ್ಳೆಯ ಉದ್ದೇಶದಿಂದಲೇ ದೊಡ್ಡ ಅನಾಹುತ ಮಾಡುವ ಘಳಿಗೆ ಅದು. ಹೊರಗಿನಿಂದ ಸ್ಟೀರಾಯ್ಡ್ ವಾರಗಟ್ಟಲೆ ಬರುತ್ತಿದ್ದರೆ, ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸವನ್ನು ಬಿಟ್ಟು ಮಲಗುತ್ತದೆ. ಪುಡಿಯನ್ನು ಒಮ್ಮೆಗೇ ನಿಲ್ಲಿಸಿದರೆ ಅದು ಒಮ್ಮೆಗೇ ಏಳುವುದಿಲ್ಲ. ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ, ಕೆಲವೊಮ್ಮೆ ಸಾವು. ಅಕ್ಕ ಹನ್ನೊಂದು ವಾರ ತಿಂದಿದ್ದರು. ಎಷ್ಟು ಪ್ರಮಾಣ ಎಂಬುದು ಆ ಪೊಟ್ಟಣ ಕಟ್ಟಿದವನಿಗೂ ಗೊತ್ತಿರಲಾರದು.

ಬಾಟಲಿಯನ್ನು ಮೇಜಿನ ಮೇಲೆ ಇಟ್ಟೆ. ಯಾರನ್ನು ಕೇಳುವುದು?

ಫೋನು

ಹಾಸನದಲ್ಲಿ 1992ರಿಂದ ಆಯುರ್ವೇದ ಕಾಲೇಜೂ ಆಸ್ಪತ್ರೆಯೂ ಇವೆ. 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ನಮ್ಮ ಜಿಲ್ಲೆಯ ಕೊಪ್ಪದಲ್ಲಿಯೂ ಆಯುರ್ವೇದ ಕಾಲೇಜು ಇದೆ. ಈ ಸೀಮೆಯಲ್ಲಿ ವಿದ್ಯೆಗೆ ಬರವಿಲ್ಲ. ಆದರೆ ಹದಿನಾಲ್ಕು ವರ್ಷ ವೃತ್ತಿ ಮಾಡಿದ ನನ್ನ ಮೊಬೈಲಿನಲ್ಲಿ, ಸಂಜೆ ಆರು ಗಂಟೆಗೆ ಸಂಕೋಚವಿಲ್ಲದೆ ಕರೆ ಮಾಡಬಹುದಾದ ಒಬ್ಬ ಅಲೋಪತಿ ವೈದ್ಯರ ಸಂಖ್ಯೆ ಇರಲಿಲ್ಲ. ಮೆಥೊಟ್ರೆಕ್ಸೇಟ್ ಬರೆದ ತಜ್ಞರ ಆಸ್ಪತ್ರೆಗೆ ಕರೆ ಮಾಡಿದರೆ ಮುಂದಿನ ತಿಂಗಳ ಟೋಕನ್ ಕೊಡುತ್ತೇವೆ ಎಂದರು.

ಕೊನೆಗೆ ನನಗೆ ಕಾಯಚಿಕಿತ್ಸೆ ಕಲಿಸಿದ ಹಳೆಯ ಮೇಷ್ಟರಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನ ತಪ್ಪನ್ನೂ. ಅವರು ಗದರಿಸಲಿಲ್ಲ. ಹಾಸನದ ಒಬ್ಬ ಹಿರಿಯ ಫಿಜಿಶಿಯನ್ ಅವರ ಸಂಖ್ಯೆ ಕೊಟ್ಟು, “ನಾನು ಹೇಳಿದೆ ಎಂದು ಹೇಳು. ಏನನ್ನೂ ಮುಚ್ಚಿಡಬೇಡ, ನಿನ್ನ ಕಷಾಯವನ್ನೂ ಸೇರಿಸಿ ಹೇಳು” ಎಂದರು.

ಆ ಫಿಜಿಶಿಯನ್ ಕೇಳಿದ ಮೊದಲ ಪ್ರಶ್ನೆ, “ಇವತ್ತಿನ ಪುಡಿ ತಿಂದಿದ್ದಾರೆಯೇ?” ಬೆಳಿಗ್ಗೆ ತಿಂದಿದ್ದಾರೆ ಎಂದೆ. “ನಾಳೆಯದನ್ನು ತಿನ್ನುವ ಮೊದಲು, ಎಂಟು ಗಂಟೆಗೆ ನನ್ನಲ್ಲಿರಲಿ. ಪುಡಿಯನ್ನು ಎಸೆಯಬೇಡಿ, ತನ್ನಿ. ರಾತ್ರಿ ವಾಂತಿಯೋ ತಲೆಸುತ್ತೋ ಬಂದರೆ ನನಗಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಸೇರಿಸಿ” ಎಂದರು. ಪುಡಿಯ ಬದಲಿಗೆ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುವ ಮೊದಲೇ, ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್ ಪರೀಕ್ಷೆಗೆ ರಕ್ತ ತೆಗೆಯಬೇಕು, ಏಕೆಂದರೆ ಆ ಮಾತ್ರೆಯೇ ಪರೀಕ್ಷೆಯ ಅಂಕಿಯನ್ನು ಏರಿಸಿ ತೋರಿಸಬಹುದು ಎಂಬುದನ್ನು ಅಂದು ಅವರಿಂದ ಕಲಿತೆ.

ಮರುದಿನ ಐದೂವರೆಯ ಬಸ್ಸಿಗೆ ಅಕ್ಕ, ಅವರ ಮಗಳು, ನಾನು ಹೊರಟೆವು. ಬೇಲೂರು ದಾಟುವವರೆಗೂ ಅಕ್ಕ ಮಾತನಾಡಲಿಲ್ಲ. ಆಮೇಲೆ, “ನೀವು ಯಾಕೆ ಬಂದಿರಿ? ಅವರು ನಿಮಗೂ ಬೈಯುತ್ತಾರೆ” ಎಂದರು. ಒಂದು ಹಾಳೆಯಲ್ಲಿ ಎಲ್ಲ ಔಷಧಿಗಳನ್ನೂ ದಿನಾಂಕದ ಸಮೇತ ಬರೆದಿಟ್ಟುಕೊಂಡಿದ್ದೆ. ಅದನ್ನು ಮಡಚಿ ಬಿಡಿಸಿ ಮಡಚಿ ಹಾಳೆಯೇ ಮೆತ್ತಗಾಗಿತ್ತು.

ಬೈಯಲಿಲ್ಲ. ಹಾಳೆಯನ್ನು ಎರಡು ಸಲ ಓದಿ, “ಇಷ್ಟನ್ನು ಬರೆದು ಯಾರೂ ನನ್ನ ಬಳಿಗೆ ರೋಗಿಯನ್ನು ಕಳಿಸಿರಲಿಲ್ಲ” ಎಂದರು.

ಮೊದಲು ನಿಂತದ್ದು ನನ್ನ ಔಷಧಿ

ಕಾರ್ಟಿಸಾಲ್ 1.8 ಬಂತು. ಬೆಳಗಿನ ಹೊತ್ತು 3ಕ್ಕಿಂತ ಕೆಳಗಿದ್ದರೆ ಗ್ರಂಥಿ ಸೋತಿದೆ ಎಂದೇ ಎಣಿಸುತ್ತಾರೆ. ಪುಡಿಯ ಜಾಗಕ್ಕೆ ಪ್ರಮಾಣ ಗೊತ್ತಿರುವ ಪ್ರೆಡ್ನಿಸೋಲೋನ್ ಬಂತು, ತಿಂಗಳುಗಳ ಕಾಲ ಅಳೆದು ಅಳೆದು ಇಳಿಸುವ ಲೆಕ್ಕದಲ್ಲಿ. ಸಕ್ಕರೆ ಏರಿತ್ತು. ಇನ್ನೊಂದು ಅಂಕಿ ನಾವು ಯಾರೂ ನಿರೀಕ್ಷಿಸಿರಲಿಲ್ಲ. ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಸ್‌ಜಿಪಿಟಿ 126, ಇರಬೇಕಾದ ಮಟ್ಟದ ಮೂರು ಪಟ್ಟು.

ಅನುಮಾನಕ್ಕೆ ಮೂರು ಹೆಸರುಗಳಿದ್ದವು: ಬಿಟ್ಟು ಬಿಟ್ಟು ನುಂಗಿದ್ದ ಮೆಥೊಟ್ರೆಕ್ಸೇಟ್, ಹೆಸರಿಲ್ಲದ ಪುಡಿ, ನನ್ನ ಕಷಾಯ. ರಾಸ್ನಾಸಪ್ತಕದ ಏಳು ದ್ರವ್ಯಗಳಲ್ಲಿ ಅಮೃತಬಳ್ಳಿ ಒಂದು. 2021ರಲ್ಲಿ ಮುಂಬೈಯ ಯಕೃತ್ ತಜ್ಞರು ಅಮೃತಬಳ್ಳಿ ಸೇವಿಸಿದ ಆರು ರೋಗಿಗಳಲ್ಲಿ ಯಕೃತ್ತಿಗೆ ಪೆಟ್ಟಾದದ್ದನ್ನು ಪ್ರಕಟಿಸಿದ್ದರು. ಬಳಸಿದ ಬಳ್ಳಿ ಅಮೃತಬಳ್ಳಿಯೇ, ಅಥವಾ ಅದೇ ಜಾತಿಯ ಇನ್ನೊಂದು ಬಳ್ಳಿಯೇ ಎಂದು ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತ್ತು. ಆ ವಾದ ನಡೆದಾಗ ನಾನು ಸಚಿವಾಲಯದ ಪರವಾಗಿದ್ದೆ. ಮನೆ ಹಿತ್ತಲಿನ ಬಳ್ಳಿ, ಅಜ್ಜಿಯ ಕಾಲದಿಂದ ಕುಡಿದದ್ದು, ಅದೇನು ಮಾಡೀತು ಎಂಬ ಭಾವ. ಆದರೆ ದೇಹವೇ ತನ್ನ ಮೇಲೆ ತಿರುಗಿ ಬೀಳುವ ಕಾಯಿಲೆ ಇರುವವರಲ್ಲಿ ಎಚ್ಚರ ಬೇಕು ಎಂಬ ಮಾತು ಆ ವರದಿಗಳಲ್ಲಿತ್ತು. ಅಕ್ಕನ ಕಾಯಿಲೆ ಅದೇ ಬಗೆಯದು.

ಫಿಜಿಶಿಯನ್ ನನ್ನ ಕಡೆ ನೋಡಿದರು. ನಿಲ್ಲಿಸಿ ಎಂದು ಅವರು ಹೇಳಲಿಲ್ಲ, ನಾನೇ ಹೇಳಲಿ ಎಂದು ಕಾದರು. ಆ ಮೌನಕ್ಕೆ ನಾನು ಋಣಿ. “ಕಷಾಯ, ಗುಗ್ಗುಲು ಎರಡನ್ನೂ ಇವತ್ತೇ ನಿಲ್ಲಿಸುತ್ತೇನೆ” ಎಂದೆ. ಅವರು ಮೆಥೊಟ್ರೆಕ್ಸೇಟ್ ಮತ್ತು ನೋವಿನ ಮಾತ್ರೆಗಳನ್ನು ನಿಲ್ಲಿಸಿದರು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿದರು, ಎರಡೂ ಇರಲಿಲ್ಲ. ಉಳಿದದ್ದು ಪ್ರೆಡ್ನಿಸೋಲೋನ್, ಹೈಡ್ರಾಕ್ಸಿಕ್ಲೋರೋಕ್ವಿನ್, ಮತ್ತು ನನ್ನ ಪಾಲಿಗೆ ಮರಳಿನ ಶಾಖ, ಪಥ್ಯ, ಬೆರಳಿನ ವ್ಯಾಯಾಮ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ರೀತಿಯ ಖಾಲಿತನ. ಬಾಯಿಗೆ ಕೊಡುವ ಔಷಧಿಯೇ ಇಲ್ಲದ ಮೇಲೆ ನಾನು ಈ ರೋಗಿಗೆ ಏನಾಗಬೇಕು? ಉತ್ತರ ಮುಂದಿನ ವಾರಗಳಲ್ಲಿ ಸಿಕ್ಕಿತು. ಸಂಜೆ ಮಗಳು ಬಾಣಲೆಯಲ್ಲಿ ಹೊಳೆಮರಳನ್ನು ಹುರಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಮುಂಗೈ ಮೇಲೆ ಇಟ್ಟು ಬಿಸಿ ನೋಡಿ, ಆಮೇಲೆ ಅಮ್ಮನ ಬೆರಳುಗಳ ಮೇಲೆ ಒತ್ತುತ್ತಿದ್ದಳು. ತೆಳುವಾದ ಚರ್ಮ ಸುಡಬಾರದೆಂದು ನಾನು ಕಲಿಸಿದ ಕ್ರಮ ಅದು. ಆ ಇಪ್ಪತ್ತು ನಿಮಿಷಗಳಲ್ಲಿ ತಾಯಿ ಮಗಳಿಗೆ ಆ ದಿನದ ಎಲ್ಲವನ್ನೂ ಹೇಳುತ್ತಿದ್ದರು, ಯಾವ ಮಾತ್ರೆ ನುಂಗಿದೆ, ಯಾವುದನ್ನು ಬಿಟ್ಟೆ ಎಂಬುದನ್ನೂ. ಮಗಳು ಅದನ್ನು ಶಾಲೆಯ ಹಳೆಯ ನೋಟ್ ಪುಸ್ತಕದಲ್ಲಿ ಬರೆದಿಟ್ಟಳು. ಫಿಜಿಶಿಯನ್ ಆಗಲಿ ನಾನಾಗಲಿ ಬರೆದದ್ದೆಲ್ಲ ಅದೇ ಪುಸ್ತಕದಲ್ಲಿರಬೇಕು ಎಂದು ನಿಶ್ಚಯಿಸಿದೆವು. ಇಬ್ಬರಿಗೂ ಒಂದೇ ಪುಸ್ತಕ.

ಐದು ವಾರಗಳಲ್ಲಿ ಎಸ್‌ಜಿಪಿಟಿ 38ಕ್ಕೆ ಇಳಿಯಿತು. ಮೂರರಲ್ಲಿ ತಪ್ಪಿತಸ್ಥ ಯಾವುದು ಎಂದು ತಿಳಿಯಬೇಕಾದರೆ ಒಂದೊಂದನ್ನೇ ಮತ್ತೆ ಕೊಟ್ಟು ನೋಡಬೇಕು. ನನ್ನ ಕುತೂಹಲಕ್ಕಾಗಿ ಅಕ್ಕನ ಯಕೃತ್ತನ್ನು ಪಣಕ್ಕಿಡುವ ಹಕ್ಕು ನನಗಿಲ್ಲ. ಕೀಲುಗಳನ್ನು ಉಳಿಸುವ ಔಷಧಿ ಮೊದಲು ವಾಪಸು ಬರಲಿ ಎಂದು ಇಬ್ಬರೂ ಒಪ್ಪಿದೆವು. ಮೆಥೊಟ್ರೆಕ್ಸೇಟ್ 7.5ರಿಂದ ಮತ್ತೆ ಶುರುವಾಯಿತು, ರಕ್ತ ಪರೀಕ್ಷೆಯ ಕಾವಲಿನಲ್ಲಿ. ಓಕರಿಕೆಯ ಕಥೆಯನ್ನು ಈ ಸಲ ಅಕ್ಕ ತಾವೇ ಹೇಳಿದರು. ರಾತ್ರಿ ಊಟವಾದ ಮೇಲೆ ನುಂಗಿ ಮಲಗಿ ಎಂದರು ಫಿಜಿಶಿಯನ್. ಸೋಮವಾರ ಬೆಳಿಗ್ಗೆ ತೆಳುವಾದ ಗಂಜಿ, ಜೀರಿಗೆ ನೀರು ಎಂದೆ ನಾನು. ಮೂರು ವರ್ಷ ಕಾಡಿದ್ದ ತೊಂದರೆ ಬಹುಮಟ್ಟಿಗೆ ಇಳಿಯಿತು. ಯಾರಾದರೂ ಕೇಳಿದ್ದರೆ ಮೂರು ವರ್ಷಗಳ ಹಿಂದೆಯೇ ಇಳಿಯುತ್ತಿತ್ತು. ಪುಸ್ತಕದಲ್ಲಿ ಭಾನುವಾರಗಳಿಗೆ ಮಾತ್ರ ಕೆಂಪು ಸುತ್ತು ಹಾಕಿದೆ. ವಾರಕ್ಕೊಮ್ಮೆ ನುಂಗಬೇಕಾದ ಈ ಮಾತ್ರೆಯನ್ನು ದಿನವೂ ನುಂಗಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ.

ಡಿಸೆಂಬರಿನ ರಾತ್ರಿ

ಕಾಫಿ ಕುಯ್ಲು. ಆಳು ಸಿಗದ ಕಾಲ. ಅಕ್ಕನೂ ತೋಟಕ್ಕೆ ಇಳಿದಿದ್ದರು. ಮನೆಗೆ ಬಂದ ನೆಂಟರೊಬ್ಬರು ಮಾತ್ರೆಯ ಪಟ್ಟಿ ನೋಡಿ, “ಇದೂ ಸ್ಟೀರಾಯ್ಡೇ! ಅದನ್ನು ಬಿಡಿಸಿ ಇದನ್ನು ಹಿಡಿಸಿದ್ದಾರಲ್ಲ” ಎಂದರಂತೆ. ಅಕ್ಕ ನಾಲ್ಕು ದಿನ ನುಂಗಲಿಲ್ಲ. ಐದನೆಯ ದಿನ ಜ್ವರ ಬಂತು, ರಾತ್ರಿ ಎಂಟಕ್ಕೆ ವಾಂತಿ ಶುರುವಾಯಿತು, ಹತ್ತಕ್ಕೆ ಎದ್ದು ನಿಲ್ಲಲಾಗಲಿಲ್ಲ.

ಆ ರಾತ್ರಿ ನನ್ನ ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ. ಅಕ್ಕನನ್ನು ಉಳಿಸಿದ್ದು ಪೋಸ್ಟ್ ಕಾರ್ಡಿನ ಅಳತೆಯ ಒಂದು ಚೀಟಿ. ಸೆಪ್ಟೆಂಬರಿನಲ್ಲಿ ಫಿಜಿಶಿಯನ್ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ ಕೊಟ್ಟಿದ್ದೆ:

“ಇವರು ಸ್ಟೀರಾಯ್ಡ್ ಮಾತ್ರೆಯಲ್ಲಿದ್ದಾರೆ. ತಾವಾಗಿ ನಿಲ್ಲಿಸಬಾರದು. ಜ್ವರ ಬಂದರೆ ಎರಡು ಪಟ್ಟು ತೆಗೆದುಕೊಂಡು ವೈದ್ಯರಿಗೆ ತಿಳಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅಥವಾ ಪ್ರಜ್ಞೆ ತಪ್ಪಿದರೆ ಕೂಡಲೇ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಮತ್ತು ಸಲೈನ್ ಬೇಕು.”

ಮಗಳು ಅದನ್ನು ಹಿಡಿದು ಜೀಪಿನಲ್ಲಿ ಹತ್ತಿರದ ಆಸ್ಪತ್ರೆಗೆ ಹೋದಳು. ರಕ್ತದೊತ್ತಡ 84/50. ರಾತ್ರಿ ಪಾಳಿಯ ಯುವ ವೈದ್ಯರು ಚೀಟಿ ಓದಿ, ಪ್ರಶ್ನೆಗಳನ್ನು ಆಮೇಲೆ ಕೇಳಿದರು, ಇಂಜೆಕ್ಷನ್ ಮೊದಲು ಕೊಟ್ಟರು. ಬೆಳಿಗ್ಗೆ ನಾನು ಹೋದಾಗ ಅಕ್ಕ ಮಂಚದ ಮೇಲೆ ಕುಳಿತು ಇಡ್ಲಿ ತಿನ್ನುತ್ತಿದ್ದರು.

ಸ್ಟೀರಾಯ್ಡ್ ಕೆಟ್ಟದ್ದು ಎಂದು ಹೇಳಿ ಬಿಡಿಸಿದವಳು ನಾನು. ಈ ಸ್ಟೀರಾಯ್ಡನ್ನು ಏಕೆ ಬಿಡಬಾರದು ಎಂಬುದನ್ನು ಅಕ್ಕನಿಗೆ ಮಾತ್ರ ಹೇಳಿದ್ದೆ, ಮನೆಯ ಉಳಿದವರಿಗೆ ಹೇಳಿರಲಿಲ್ಲ. ನಮ್ಮ ಊರುಗಳಲ್ಲಿ ಔಷಧಿಯ ತೀರ್ಮಾನವನ್ನು ರೋಗಿ ಒಬ್ಬರೇ ಮಾಡುವುದಿಲ್ಲ. ಮೈದುನ, ನೆಂಟರು, ಪಕ್ಕದ ಮನೆಯವರು ಎಲ್ಲರೂ ಆ ಮಾತಿನಲ್ಲಿದ್ದಾರೆ. ಮುಂದಿನ ವಾರ ಮನೆಗೇ ಹೋಗಿ ಜಗಲಿಯಲ್ಲಿ ಕುಳಿತು ಎಲ್ಲರಿಗೂ ಹೇಳಿದೆ. ಪುಡಿ ತಂದಿದ್ದ ಮೈದುನ ತಲೆ ತಗ್ಗಿಸಿ ಕುಳಿತಿದ್ದರು. ಅತ್ತಿಗೆಯ ನೋವು ನೋಡಲಾಗದೆ, ಕೂಲಿಯ ಹಣದಲ್ಲಿ ತಂದವರು ಅವರು. ಅವರನ್ನು ತಪ್ಪಿತಸ್ಥರಾಗಿ ನಿಲ್ಲಿಸಿದ್ದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತಿತ್ತು.

ವೈದ್ಯರಿಗೂ ಯಾರಾದರೂ ಬೇಕು

ಅಕ್ಕನ ವಿಷಯ ಒಂದು ದಾರಿಗೆ ಬಂತು. ನನ್ನದು ಬರಲಿಲ್ಲ. ರಾತ್ರಿ ನಿದ್ದೆಯಿಲ್ಲದೆ ಆ ಜುಲೈ ತಿಂಗಳಿಗೆ ಹೋಗುತ್ತಿದ್ದೆ. ಸಹವೃತ್ತಿಯವರ ಮುಂದೆ ಹೇಳಿದರೆ, “ಇದನ್ನು ಹೊರಗೆ ಆಡಬೇಡ, ಆಯುರ್ವೇದದ ಮೇಲೆ ಕಲ್ಲೆಸೆಯಲು ಕಾಯುತ್ತಿರುವವರಿಗೆ ನೀನೇ ಕಲ್ಲು ಕೊಟ್ಟ ಹಾಗೆ” ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟ ತಪ್ಪು ಇನ್ನೊಬ್ಬ ವೈದ್ಯರ ಕೈಯಲ್ಲಿ ಮತ್ತೆ ನಡೆಯುತ್ತದೆ, ಇನ್ನೊಬ್ಬ ಅಕ್ಕನ ಮೈಮೇಲೆ.

ಹಳೆಯ ಮೇಷ್ಟರು ಬರೆದಿಡು ಎಂದರು. ಮೊದಲು ಬರೆದದ್ದು ಔಷಧಿಯ ಪ್ರತಿಕೂಲ ಪರಿಣಾಮದ ವರದಿ. ಆಯುಷ್ ಔಷಧಿಗಳ ಅಡ್ಡಪರಿಣಾಮಗಳನ್ನು ದಾಖಲಿಸಲು ದೇಶದಲ್ಲಿ ವ್ಯವಸ್ಥೆ ಇದೆ, ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥಾನ ಅದರ ರಾಷ್ಟ್ರೀಯ ಕೇಂದ್ರ. ಹದಿನಾಲ್ಕು ವರ್ಷಗಳಲ್ಲಿ ನಾನು ತುಂಬಿದ ಮೊದಲ ಅರ್ಜಿ ಅದು. ಅನುಮಾನದ ಔಷಧಿಗಳ ಸಾಲಿನಲ್ಲಿ ಪುಡಿಯ ಕೆಳಗೆ ನನ್ನ ಕಷಾಯವನ್ನೂ ಬರೆದೆ.

ಆಮೇಲೆ ಹಾಸನದ ಫಿಜಿಶಿಯನ್, ನಾವು ಇಬ್ಬರು ಆಯುರ್ವೇದದವರು, ಒಬ್ಬ ಫಿಸಿಯೋಥೆರಪಿಸ್ಟ್, ಮೆಡಿಕಲ್ ಅಂಗಡಿಯ ಫಾರ್ಮಸಿಸ್ಟ್ ಸೇರಿ ತಿಂಗಳಿಗೊಮ್ಮೆ ಎರಡನೆಯ ಶನಿವಾರ ಕುಳಿತುಕೊಳ್ಳಲು ಶುರು ಮಾಡಿದೆವು. ಒಬ್ಬೊಬ್ಬರೂ ಕೈ ತಪ್ಪಿದ ಒಂದು ಪ್ರಕರಣವನ್ನು ತರಬೇಕು, ಗೆದ್ದದ್ದನ್ನು ಅಲ್ಲ. ರೋಗಿಯ ಹೆಸರು ಹೇಳುವಂತಿಲ್ಲ. ಎಲ್ಲ ಸಲವೂ ಚೆನ್ನಾಗಿ ನಡೆಯುತ್ತದೆ ಎಂದು ಹೇಳಲಾರೆ. ಕೆಲವು ತಿಂಗಳು ಇಬ್ಬರೇ ಇರುತ್ತೇವೆ. ಅಮೃತಬಳ್ಳಿಯ ಬಗ್ಗೆ ಒಂದು ಸಲ ಜೋರು ಜಗಳವೇ ಆಯಿತು, ಚಹಾ ತಣ್ಣಗಾಗಿ ಹೋಯಿತು. ಆದರೆ ಜಗಳವಾಡಿದವರೇ ಮರುವಾರ ಒಬ್ಬ ರೋಗಿಯ ವಿಷಯಕ್ಕೆ ಒಬ್ಬರಿಗೊಬ್ಬರು ಫೋನು ಮಾಡಿದ್ದರು.

ಆ ಕೂಟದಲ್ಲಿ ನಾವು ಓದಿದ ಒಂದು ಅಧ್ಯಯನವನ್ನು ಇಲ್ಲಿ ಹೇಳಬೇಕು. ಕೊಯಮತ್ತೂರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದದ್ದು. ರುಮಟಾಯ್ಡ್ ಆರ್ಥ್ರೈಟಿಸ್ ಇದ್ದ 43 ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಯುರ್ವೇದ, ಒಂದಕ್ಕೆ ಮೆಥೊಟ್ರೆಕ್ಸೇಟ್, ಒಂದಕ್ಕೆ ಎರಡನ್ನೂ ಕೊಟ್ಟರು. ಯಾರಿಗೆ ಯಾವುದು ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ 36 ವಾರ ನಡೆಸಿದರು. ಮೂರೂ ಗುಂಪುಗಳ ಫಲ ಹೆಚ್ಚುಕಡಿಮೆ ಸಮೀಪವಾಗಿತ್ತು. ನಲವತ್ತಮೂರು ಜನರ ಸಣ್ಣ ಅಧ್ಯಯನವನ್ನು ಹಿಡಿದು ಮೆಥೊಟ್ರೆಕ್ಸೇಟ್ ಬೇಡ ಎನ್ನುವುದು ದೊಡ್ಡ ತಪ್ಪಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ವಿಷಯ. ಅಲ್ಲಿ ಎರಡು ಪದ್ಧತಿಗಳೂ ಒಂದೇ ಸೂರಿನಡಿ ಇದ್ದವು. ಯಾರು ಏನು ನುಂಗಿದರು ಎಂಬುದಕ್ಕೆ ಲೆಕ್ಕವಿತ್ತು. ನನ್ನ ಚಿಕಿತ್ಸಾಲಯದಲ್ಲಿ ಎರಡೂ ಪದ್ಧತಿಗಳು ಇದ್ದದ್ದು ಅಕ್ಕನ ಹೊಟ್ಟೆಯೊಳಗೆ ಮಾತ್ರ.

ಈಗ ಹೊಸ ರೋಗಿ ಬಂದರೆ ಚೀಲ ತರಲು ಮೊದಲೇ ಹೇಳಿ ಕಳಿಸುತ್ತೇನೆ. ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳುವುದನ್ನು ಬಿಟ್ಟಿದ್ದೇನೆ. “ನೋವು ತಡೆಯಲಾರದೆ ಇದ್ದಾಗ ಮನೆಯವರು ಏನು ತಂದುಕೊಟ್ಟರು?” ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಇಲ್ಲ ಎಂದವರು ಕಡಿಮೆ. ಬೇರೆಡೆ ಚಿಕಿತ್ಸೆ ಪಡೆಯುತ್ತಿರುವವರಿಗೆ ನಾನು ಬರೆಯುವ ಪ್ರತಿ ಚೀಟಿಯ ಒಂದು ನಕಲು ಆ ವೈದ್ಯರಿಗೆ ಹೋಗುತ್ತದೆ. ಹತ್ತು ಪತ್ರಗಳಿಗೆ ಮೂರು ಉತ್ತರ ಬರುತ್ತವೆ. ಮೂರು ಬರುತ್ತವೆ ಎಂಬುದೇ ನನಗೆ ಹೊಸದು.

ಏಪ್ರಿಲ್ ಹೊತ್ತಿಗೆ ಅಕ್ಕನ ಪ್ರೆಡ್ನಿಸೋಲೋನ್ ನಿಂತಿತು. ಅದಕ್ಕೆ ಮೊದಲು ಮಾಡಿದ ಪರೀಕ್ಷೆಯಲ್ಲಿ ಗ್ರಂಥಿ ಎದ್ದು ಕುಳಿತಿದ್ದು ಖಚಿತವಾಗಿತ್ತು. ಮೆಥೊಟ್ರೆಕ್ಸೇಟ್ 15ಕ್ಕೆ ಮರಳಿದೆ. ಮುಖ ಮೊದಲಿನಂತಾಗಿದೆ, “ಇಳಿದು ಹೋಗಿದ್ದೀಯಲ್ಲ” ಎಂದು ಊರವರು ಮರುಗುತ್ತಾರಂತೆ. ಬಲಗೈಯ ಎರಡು ಬೆರಳುಗಳಲ್ಲಿ ಸ್ವಲ್ಪ ಬಿಗಿತ ಉಳಿದಿದೆ.

ಕಳೆದ ಜೂನಿನಲ್ಲಿ, ಮಳೆ ಹಿಡಿದ ಮೇಲೆ, ಅದೇ ಕೈಚೀಲ ಹಿಡಿದು ಬಂದರು. ಕೇಳುವ ಮೊದಲೇ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಪುಸ್ತಕ, ಪಟ್ಟಿಗಳು, ಫೋಲಿಕ್ ಆಮ್ಲ. ಕೊನೆಗೆ ಪತ್ರಿಕೆಯಲ್ಲಿ ಮಡಚಿದ ಒಂದು ಪೊಟ್ಟಣ. ನನ್ನ ಎದೆ ಧಸಕ್ಕೆಂದಿತು.

“ನನ್ನದಲ್ಲ ಡಾಕ್ಟರಮ್ಮ” ಎಂದು ಬಾಗಿಲ ಕಡೆ ನೋಡಿದರು. “ಪಕ್ಕದ ಮನೆಯವಳದು. ಹೊರಗೆ ಕುಳಿತಿದ್ದಾಳೆ. ನೀವು ಬೈಯುವುದಿಲ್ಲ ಎಂದರೆ ಒಳಗೆ ಬರುತ್ತಾಳೆ.”